ಹವಾಲ್ದಾರ್ ಅಂಕಯ್ಯನ ನಾಲ್ಕನೆಯ ಸುತ್ತು

ಸೋಲೂರು ಕಡೆಯವನೊಬ್ಬ ಗಾಲ್ಫ್ ಆಡುತ್ತಾನೆಂದರೆ ಆ ಕಾಲಕ್ಕೆ ನಂಬುವವರು ಕಡಿಮೆ. ಅಂಕಯ್ಯನ ಸ್ವಂತ ಅಣ್ಣನೇ ನಂಬಿರಲಿಲ್ಲ. ರಜೆಗೆ ಬರುವ ತಮ್ಮ ಮಿಲಿಟರಿ ಕಂಬಳಿ ತರುತ್ತಾನೆ, ಟ್ರಂಕಿನ ತಳದಲ್ಲಿ ರಮ್ಮಿನ ಬಾಟಲಿ ತರುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಒಂದು ಸಲ ಉದ್ದನೆಯ ಚೀಲದ ತುಂಬ ಕಬ್ಬಿಣದ ಕೋಲು ಹೊತ್ತು ಬಸ್ಸಿನಿಂದ ಇಳಿದಾಗ ಮಾತ್ರ, ಇದೇನು ಬಾವಿಯಲ್ಲಿ ಬಿದ್ದ ಕೊಡ ತೆಗೆಯೋ ಸಾಮಾನೋ ಎಂದು ಕೇಳಿದ್ದ. ಅಂಕಯ್ಯ ಬಿಡಿಸಿ ಹೇಳಲು ಹೋಗಲಿಲ್ಲ. ಹಸಿರು ಹುಲ್ಲಿನ ಮೇಲೆ ಒಂದು ಬಿಳಿ ಚೆಂಡನ್ನು ಹೊಡೆದು, ಅದರ ಹಿಂದೆ ನಡೆದು ಹೋಗಿ, ಮತ್ತೆ ಹೊಡೆದು, ಕೊನೆಗೆ ಅಂಗೈಯಗಲದ ಗುಳಿಗೆ ಬೀಳಿಸಬೇಕು. ಯಾರು ಕಡಿಮೆ ಹೊಡೆತದಲ್ಲಿ ಬೀಳಿಸುತ್ತಾರೋ ಅವರು ಗೆದ್ದಂತೆ ಎಂದು ರಾಗಿ ಕಣದಲ್ಲಿ ನಿಂತು ಹೇಳಿದರೆ ನಗುತ್ತಾರೆ ಎಂದು ಅವನಿಗೆ ಗೊತ್ತಿತ್ತು.

ಎಸ್ಸೆಸ್ಸೆಲ್ಸಿ ಮುಗಿಸಿ ಊರಿನ ಹುಡುಗರ ಜೊತೆ ಬೆಂಗಳೂರಿಗೆ ಸೇನೆಯ ಭರ್ತಿಗೆ ಹೋದವನು ಅವನು. ಹೋದವರಲ್ಲಿ ಎದೆಯಳತೆ ಸರಿ ಬಂದದ್ದು ಅವನೊಬ್ಬನಿಗೇ. ಎಂಜಿನಿಯರ್ ದಳದಲ್ಲಿ ಡೋಜರ್ ಓಡಿಸುವ ಕೆಲಸ ಸಿಕ್ಕಿತು. ಗುಡ್ಡ ಕಡಿದು ರಸ್ತೆ ಮಾಡುವುದು, ಭೂಮಿ ಕುಸಿದರೆ ಮಣ್ಣು ತಳ್ಳುವುದು. ಉತ್ತರದ ಒಂದು ದಂಡಿನಲ್ಲಿದ್ದಾಗ ಆಫೀಸರುಗಳ ಗಾಲ್ಫ್ ಮೈದಾನ ಹದ ಮಾಡಲು ಅವನನ್ನು ಹಾಕಿದರು. ಮಣ್ಣಿನ ಏರುತಗ್ಗು ಕಣ್ಣಳತೆಯಲ್ಲೇ ತಿಳಿಯುವವನು. ಚೆಂಡು ಯಾವ ಕಡೆ ಉರುಳುತ್ತದೆ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಸಂಜೆ, ಸುತ್ತ ಯಾರೂ ಇಲ್ಲವೆಂದುಕೊಂಡು ಯಾರೋ ಬಿಟ್ಟು ಹೋದ ಕೋಲಿನಿಂದ ಒಂದು ಚೆಂಡು ಹೊಡೆದ. ಹಿಂದೆ ಕರ್ನಲ್ ಸಾಹೇಬರು ನಿಂತಿದ್ದರು. ಬೈಗುಳ ಬೀಳುತ್ತದೆಂದು ಸೆಟೆದು ನಿಂತವನಿಗೆ ಅವರು, ಇನ್ನೊಂದು ಹೊಡಿ ನೋಡೋಣ ಎಂದರು. ಅಲ್ಲಿಂದ ಹತ್ತಾರು ವರ್ಷ ರೆಜಿಮೆಂಟಿನ ಪರವಾಗಿ, ಆಮೇಲೆ ಕಮಾಂಡಿನ ಪರವಾಗಿ ಆಡಿದ. ಕಪ್ಪುಗಳು ಬಂದವು, ಅವು ಯೂನಿಟ್ಟಿನ ಗಾಜಿನ ಬೀರು ಸೇರಿದವು.

ಅಂಕಯ್ಯನ ಹೆಂಡತಿ ನಾಗಲಕ್ಷ್ಮಮ್ಮ ಊರಿನ ಅಂಗನವಾಡಿಯಲ್ಲಿ ಟೀಚರು. ಅವಳೂ ಆ ಆಟ ನೋಡಿದವಳಲ್ಲ. ಮಗಳು ರಮ್ಯಾ ಮಾಗಡಿಯಲ್ಲಿ ಪಿಯುಸಿ ಓದುತ್ತಿದ್ದಳು. ಅವಳಿಗಿಂತ ಬಹಳ ಚಿಕ್ಕವನು ಸಿದ್ಧಾರ್ಥ. ತಡವಾಗಿ ಹುಟ್ಟಿದ ಮಗ ಎಂದು ಎಲ್ಲರ ಕಣ್ಣೂ ಅವನ ಮೇಲೆ. ಎರಡು ಸಾವಿರದ ಆರರ ದಸರಾ ರಜೆಯಲ್ಲಿ ಆ ಹುಡುಗ ಊರಾಚೆಯ ಹಳೆಯ ಕಲ್ಲುಕ್ವಾರಿಯ ಹೊಂಡದಲ್ಲಿ ಮುಳುಗಿ ತೀರಿಕೊಂಡ.

ಆಗ ಎಲ್ಲೆಡೆ ರಸ್ತೆ ಅಗಲ ಮಾಡುವ, ಷೆಡ್ಡು ಏಳಿಸುವ ಕಾಲ. ಬಿಡದಿ ಕಡೆಯ ಕಾರ್ಖಾನೆಗಳಿಗೆ, ಬೆಂಗಳೂರಿನ ಸುತ್ತಿನ ರಸ್ತೆಗಳಿಗೆ ಜಲ್ಲಿ ಬೇಕಿತ್ತು. ಬಂಡೆ ಸಿಕ್ಕ ಕಡೆಯಲ್ಲೆಲ್ಲ ಸಿಡಿಮದ್ದು ಇಟ್ಟು ಒಡೆದರು. ಕಲ್ಲು ಮುಗಿದಾಗ ಮುಂದಿನ ಗುಡ್ಡಕ್ಕೆ ಹೋದರು. ಬಿಟ್ಟು ಹೋದ ಹೊಂಡದಲ್ಲಿ ಮಳೆನೀರು ನಿಂತು ಹಸಿರಾಗಿ, ತಣ್ಣಗೆ, ನೋಡಲು ಕೆರೆಯ ಹಾಗೇ ಇತ್ತು. ಅಂಚು ಮಾತ್ರ ಕೆರೆಯದಲ್ಲ. ಕಾಲಿಟ್ಟರೆ ಆಮೇಲೆ ನೆಲವೇ ಇಲ್ಲ.

ಸುದ್ದಿ ಬಂದಾಗ ಅಂಕಯ್ಯ ಗಡಿಯ ಎತ್ತರದ ಠಾಣೆಯಲ್ಲಿ ಮಣ್ಣು ತಳ್ಳುತ್ತಿದ್ದ. ವೈರ್‌ಲೆಸ್ಸಿನ ಹುಡುಗ ಡೋಜರಿನ ಹತ್ತಿರಕ್ಕೆ ಓಡಿ ಬಂದು, ಎಂಜಿನ್ನಿನ ಸದ್ದಿಗೆ ಕೇಳಿಸದೆ, ಕೈಸನ್ನೆ ಮಾಡಿ ಇಳಿಯಲು ಹೇಳಿದ. ಕೆಳಗಿನ ದಾರಿ ಕುಸಿದಿತ್ತು. ಆ ಕುಸಿತವನ್ನು ತೆರವು ಮಾಡಬೇಕಾದವನೂ ಅವನೇ. ತನ್ನೂರಿಗೆ ಹೋಗುವ ದಾರಿಯ ಮಣ್ಣನ್ನು ತಾನೇ ತಳ್ಳಿ, ಆಮೇಲೆ ಯಂತ್ರವನ್ನು ಇನ್ನೊಬ್ಬನಿಗೆ ಒಪ್ಪಿಸಿ, ಟ್ರಕ್ಕು, ವಿಮಾನ, ರೈಲು, ಬಸ್ಸು ಹಿಡಿದು ಮನೆ ಮುಟ್ಟುವಷ್ಟರಲ್ಲಿ ಮಗನನ್ನು ಮಣ್ಣು ಮಾಡಿ ಹಾಲುತುಪ್ಪವನ್ನೂ ಬಿಟ್ಟಾಗಿತ್ತು.

ಅಣ್ಣ ಅವನನ್ನು ಮಗನ ಗುಡ್ಡೆಯ ಹತ್ತಿರ ಕರೆದುಕೊಂಡು ಹೋದ. ಮಣ್ಣಿನ್ನೂ ಹಸಿಯಾಗಿತ್ತು. ನಾಯಿ ಕೆದಕದಿರಲೆಂದು ಮೇಲೆ ಜಾಲಿಮುಳ್ಳು ಹೊದಿಸಿದ್ದರು. ಅಂಕಯ್ಯ ನಿಂತು ನೋಡಿದ. ಅಳು ಬರಬಹುದೆಂದು ಅಣ್ಣ ಪಕ್ಕದಲ್ಲೇ ನಿಂತು ಅವನ ತೋಳು ಹಿಡಿದುಕೊಂಡಿದ್ದ. ಅಂಕಯ್ಯ ಕೊನೆಗೆ ಬಾಯಿಬಿಟ್ಟದ್ದು ಇಷ್ಟು: "ಈ ಕಡೀಕೆ ಒಸಿ ಇಳಿಜಾರು ಮಾಡ್ಬೇಕಾಗಿತ್ತು ಕಣಣ್ಣ. ಇಲ್ಲಾಂದ್ರೆ ನೀರು ನಿಂತ್ಕತದೆ." ಅಣ್ಣ ತೋಳು ಬಿಟ್ಟು ಅವನ ಮುಖ ನೋಡಿದ.

ಅವತ್ತಿನಿಂದ ಅಂಕಯ್ಯ ಹಾಗೇ ಇದ್ದ. ಹಳೆಯ ಕರ್ನಲ್ ಸಾಹೇಬರು ಆಗ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಅವರು ಹೇಳಿ ಕೇಳಿ ಅವನನ್ನು ಬೆಂಗಳೂರಿಗೆ ಹಾಕಿಸಿಕೊಂಡರು. ಭಾನುವಾರ ನೆಲಮಂಗಲದ ಮೇಲೆ ಬಸ್ಸು ಹಿಡಿದು ಸೋಲೂರಿಗೆ ಬರುತ್ತಿದ್ದ. ನಾಗಲಕ್ಷ್ಮಮ್ಮ ಮುದ್ದೆ ಬಡಿಸುತ್ತಿದ್ದಳು, ಉಣ್ಣುತ್ತಿದ್ದ. ರಮ್ಯಾಳ ಪರೀಕ್ಷೆ ಯಾವಾಗ ಎಂದು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಸೂರು ಸೋರುವುದನ್ನು ಮಾತಾಡುತ್ತಿದ್ದರು. ಮಗನ ಬಟ್ಟೆಯ ಪೆಟ್ಟಿಗೆ ಮಂಚದ ಕೆಳಗಿತ್ತು. ಅವಳು ಕಸ ಗುಡಿಸುವಾಗ ಅದನ್ನು ಸರಿಸಿ ಮತ್ತೆ ಅಲ್ಲೇ ಇಡುತ್ತಿದ್ದಳು, ಅವನು ಪೇಪರಿನಿಂದ ಕಣ್ಣೆತ್ತುತ್ತಿರಲಿಲ್ಲ. ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದ. ಬಸ್ಸಿನಲ್ಲಿ ಪರಿಚಯದವರು ಸಿಕ್ಕಿ ಛೇ ಎಂದು ತಲೆಯಾಡಿಸಿದರೆ ತಾನೂ ಆಡಿಸುತ್ತಿದ್ದ. ಬೇರೆ ಯಾರದೋ ಮನೆಯ ಸಾವಿಗೆ ಆಡಿಸಿದ ಹಾಗೆ.

ಮರುವರ್ಷದ ಫೆಬ್ರವರಿಯಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಮೂರರ ಹವ್ಯಾಸಿ ಆಟಗಾರರಿಗೆ ನಾಲ್ಕು ದಿನದ ಗಾಲ್ಫ್ ಪಂದ್ಯಾವಳಿ ಏರ್ಪಾಡಾಯಿತು. ಬಿಡದಿ ದಾಟಿದ ಮೇಲೆ ಮೈಸೂರು ರಸ್ತೆಯ ಬದಿಗಿದ್ದ ಒಂದು ಮೈದಾನದಲ್ಲಿ. ದಿನಕ್ಕೊಂದು ಸುತ್ತು, ಸುತ್ತಿಗೆ ಹದಿನೆಂಟು ಗುಳಿ. ನಾಲ್ಕೂ ದಿನದ ಹೊಡೆತ ಕೂಡಿಸಿ ಕಡಿಮೆ ಬಂದವನಿಗೆ ಕಪ್ಪು. ಕರ್ನಲ್ ಅವನನ್ನು ಕೇಳದೆಯೇ ಹೆಸರು ಕಳಿಸಿದ್ದರು. ಆಡಿದರೆ ಮನಸ್ಸು ಹಗುರವಾದೀತು ಎಂದು ಅವರ ಲೆಕ್ಕ. ಅಂಕಯ್ಯ ಹೂಂ ಸರ್ ಎಂದ. ಬೇಡ ಎನ್ನುವುದಕ್ಕೂ ಏನಾದರೂ ಬೇಕಾಗುತ್ತದಲ್ಲ, ಅದು ಅವನಲ್ಲಿ ಇರಲಿಲ್ಲ.

ಒಂದು ಕಾಲಕ್ಕೆ ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ನೆಲ ಅದು. ಈಗ ಒಂದು ಕಡೆ ಕಾರ್ಖಾನೆಗಳ ನೀಲಿ ಷೆಡ್ಡು, ಇನ್ನೊಂದು ಕಡೆ ರಾಮನಗರದ ಬಂಡೆಗುಡ್ಡ, ನಡುವೆ ಕತ್ತರಿಸಿ ಹಾಸಿದಂಥ ಹುಲ್ಲು. ಪಾಳಿ ಬದಲಾಗುವಾಗ ನೌಕರರ ಬಸ್ಸುಗಳು ಸಾಲಾಗಿ ಹೋಗುವ ಸದ್ದು ಬೇಲಿಯಾಚೆಯಿಂದ ಕೇಳುತ್ತಿತ್ತು. ಆಡಲು ಬಂದವರಲ್ಲಿ ಹೆಚ್ಚಿನವರು ಆಫೀಸರುಗಳು. ಅಂಕಯ್ಯನಂಥ ಹವಾಲ್ದಾರರು ಬೆರಳೆಣಿಕೆಯಷ್ಟು. ಚೀಲ ಎಳೆಯಲು ಅವನಿಗೆ ಕ್ಯಾಡಿಯಾಗಿ ಸಿಕ್ಕವನು ಅಸದುಲ್ಲಾ, ನಡುವಯಸ್ಸಿನವನು, ಮೊದಲು ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದವನು. ಬಿಸಿನೀರಿಗೆ ಬೆರಳು ಹಾಳಾದವು, ಇಲ್ಲಿ ಗಾಳಿಯಾದರೂ ಚೆನ್ನಾಗಿದೆ ಎಂದು ಮೊದಲ ದಿನವೇ ಹೇಳಿಕೊಂಡ. ಮಿಕ್ಕಂತೆ ಅವನೂ ಹೆಚ್ಚು ಮಾತಿನವನಲ್ಲ.

ಅಂಕಯ್ಯನ ಆಟದಲ್ಲಿ ಹಿಂದಿನಿಂದ ಒಂದು ಐಬಿತ್ತು. ಚೆಂಡು ಎಲ್ಲಿಗೆ ಹೋಯಿತು ಎಂದು ನೋಡುವ ಆತುರಕ್ಕೆ, ಕೋಲು ಚೆಂಡಿಗೆ ತಾಕುವ ಮೊದಲೇ ತಲೆ ಎತ್ತಿಬಿಡುತ್ತಿದ್ದ. ತಲೆ ಎದ್ದರೆ ಹೆಗಲು ಏಳುತ್ತದೆ, ಹೊಡೆತ ಹಾಳಾಗುತ್ತದೆ. ಕರ್ನಲ್ ಎಷ್ಟೋ ವರ್ಷ ಅದನ್ನು ತಿದ್ದಲು ನೋಡಿ ಕೈಬಿಟ್ಟಿದ್ದರು. ಈಗ ಅದು ತಾನಾಗಿ ಹೋಗಿತ್ತು. ಚೆಂಡು ಎಲ್ಲಿಗೆ ಹೋಯಿತು ಎಂದು ನೋಡುವ ಆಸೆಯೇ ಅವನಿಗಿರಲಿಲ್ಲ. ಹೊಡೆದ ಮೇಲೂ ಚೆಂಡಿದ್ದ ಜಾಗದ ಹುಲ್ಲನ್ನೇ ನೋಡುತ್ತ ನಿಂತಿರುತ್ತಿದ್ದ. ಅಸದುಲ್ಲಾ ನಡೆಯಲು ಶುರು ಮಾಡಿದಾಗ ಅವನ ಹಿಂದೆ ನಡೆಯುತ್ತಿದ್ದ. ಚೆಂಡು ಪ್ರತಿ ಸಲವೂ ಹುಲ್ಲಿನ ನಡುಮಧ್ಯದಲ್ಲಿ ಸಿಗುತ್ತಿತ್ತು. ಮೊದಲ ದಿನ ಮೂರನೆಯವನಾದ, ಎರಡನೆಯ ದಿನ ಎರಡನೆಯವನಾದ. ಮೂರನೆಯ ದಿನ ಮುಗಿದಾಗ ಎಲ್ಲರಿಗಿಂತ ಮುಂದಿದ್ದ.

ಶಾಮಿಯಾನದಡಿಯಲ್ಲಿ ಜನ ಬಂದು ಕೈಕುಲುಕಿದರು. ನಿನ್ನಂಥ ಸ್ಥಿರ ಮನಸ್ಸಿನ ಆಟಗಾರನನ್ನು ನೋಡಿಲ್ಲ ಎಂದು ನೌಕಾಪಡೆಯ ಕಮಾಂಡರೊಬ್ಬರು ಹೇಳಿದರು. ಆ ಕಮಾಂಡರೇ ಎರಡು ಹೊಡೆತ ಹಿಂದೆ, ಎರಡನೆಯ ಸ್ಥಾನದಲ್ಲಿದ್ದವರು. ಅಂಕಯ್ಯ ಥ್ಯಾಂಕ್ಯೂ ಸರ್ ಎಂದು ಹೇಳಿ ಕೊಟ್ಟ ಕಾಫಿ ಕುಡಿದ. ಕಡೆಯ ದಿನ ಮನೆಯವರು ಬರಬಹುದು, ನಿನ್ನ ಹೆಂಡತಿಯನ್ನು ಕರೆಸು ಎಂದು ಕರ್ನಲ್ ಹಟ ಹಿಡಿದರು. ಮನೆಗೆ ಫೋನು ಮಾಡಿದ. ರಮ್ಯಾ ಎತ್ತಿಕೊಂಡಳು. ನಾಳೆ ಬಿಡದಿ ಹತ್ತಿರ ಆಟ ಇದೆ, ಬೇಕಾದರೆ ನಿಮ್ಮಮ್ಮ ಬರಬಹುದಂತೆ ಎಂದ. ಬರುತ್ತಾಳೆ ಎಂದು ಅವನು ಅಂದುಕೊಂಡಿರಲಿಲ್ಲ.

ಅವಳು ಬಂದಳು. ಅಂಗನವಾಡಿಗೆ ರಜೆ ಹೇಳಿ, ಮಾಗಡಿ ಬಸ್ಸು ಹಿಡಿದು, ಅಲ್ಲಿಂದ ಬಿಡದಿಗೆ ಬಂದು, ಗೇಟಿನ ಕಾವಲುಗಾರನಿಗೆ ಗಂಡನ ಹೆಸರು ಹೇಳಿ ಒಳಗೆ ಬಂದಿದ್ದಳು. ಅವಳು ಬಂದಾಗ ಅಂಕಯ್ಯ ಕ್ಯಾಡಿಗಳ ಷೆಡ್ಡಿನ ಮುಂದೆ ನಿಂತಿದ್ದ. ಅಸದುಲ್ಲಾ ಬಂದಿರಲಿಲ್ಲ. ಹಿಂದಿನ ವರ್ಷ ಊರೂರೇ ಮಲಗಿಸಿದ್ದ ಚಿಕೂನ್‌ಗುನ್ಯ ಜ್ವರ ಅವನ ಕೀಲುಗಳಲ್ಲಿ ಉಳಿದುಕೊಂಡಿತ್ತು. ಮೂರು ದಿನ ನಡೆದದ್ದಕ್ಕೆ ಮೊಣಕಾಲು ಊದಿಕೊಂಡು ಏಳಲಾಗುತ್ತಿಲ್ಲವೆಂದು ಹೇಳಿಕಳಿಸಿದ್ದ. ಉಳಿದ ಕ್ಯಾಡಿಗಳೆಲ್ಲ ಬೇರೆ ಆಟಗಾರರಿಗೆ ಹಂಚಿಹೋಗಿದ್ದರು. ಮೊದಲು ಹೊರಡುವವರ ಆಟ ಮುಗಿದ ಮೇಲೆ ಯಾರನ್ನಾದರೂ ಕಳಿಸುತ್ತೇನೆ, ಅಲ್ಲಿಯವರೆಗೆ ನೀವೇ ಎಳೆದುಕೊಳ್ಳಿ ಎಂದ ಷೆಡ್ಡಿನ ಮೇಸ್ತ್ರಿ.

ನಾಗಲಕ್ಷ್ಮಮ್ಮ ಟ್ರಾಲಿಯನ್ನೂ ಅದರ ಮೇಲಿನ ಚೀಲವನ್ನೂ ನೋಡಿದಳು. "ಇದನ್ನ ಎಳ್ಕೊಂಡು ಜೊತೇಲಿ ನಡ್ಯೋದು ತಾನೆ? ನಾನ್ ಎಳೀತೀನಿ ಬುಡಿ."

ಚಪ್ಪಲಿಯಲ್ಲಿ ಹುಲ್ಲಿನ ಮೇಲೆ ಹೋಗುವಂತಿಲ್ಲ ಎಂದರು. ಅಂಕಯ್ಯ ತನ್ನ ಕಿಟ್ಟಿನಿಂದ ಪರೇಡಿನ ಕಂದು ಕ್ಯಾನ್ವಾಸ್ ಷೂ ತೆಗೆದುಕೊಟ್ಟ. ಬೆರಳ ತುದಿಗೆ ಪೇಪರ್ ತುರುಕಿ ಅವಳು ಹಾಕಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂಕಯ್ಯನ ಜೊತೆ ಆಡಬೇಕಿದ್ದ ಕಮಾಂಡರೂ ವಾಯುಪಡೆಯ ಒಬ್ಬ ಯುವ ಅಧಿಕಾರಿಯೂ ಬಂದು ಅವಳಿಗೆ ನಮಸ್ಕಾರ ಹೇಳಿದರು. ಅವಳು ಟ್ರಾಲಿಯ ಹಿಡಿ ಬಿಡದೆ ತಲೆಬಾಗಿಸಿದಳು.

ಗಾಲ್ಫಿನಲ್ಲಿ ಹೊಡೆಯುವ ಹೊತ್ತು ಕಡಿಮೆ, ನಡೆಯುವ ಹೊತ್ತು ಜಾಸ್ತಿ. ಮಗ ಹೋದ ಮೇಲೆ ಗಂಡ ಹೆಂಡತಿ ಇಬ್ಬರೇ ಅಷ್ಟು ಹೊತ್ತು ಒಟ್ಟಿಗೆ ಇದ್ದದ್ದು ಅದೇ ಮೊದಲು. ಆದರೂ ಮೊದಲ ಅರ್ಧ ಸುತ್ತು ಅವರು ಆಡಿದ ಮಾತು ಆಟದ್ದೇ. ಯಾವ ಕೋಲು ಕೊಡಲಿ ಎಂದು ಅವಳು ಕೇಳುವಳು, ಅವನು ಕೋಲಿನ ಮೇಲಿನ ಅಂಕಿ ಹೇಳುವನು, ಅವಳು ತೆಗೆದು ಸೆರಗಿನಿಂದ ಒರೆಸಿ ಕೊಡುವಳು. ಎರಡು ಗುಳಿ ಕಳೆಯುವಷ್ಟರಲ್ಲಿ, ಹೊಡೆಯುವಾಗ ಮಾತಾಡಬಾರದು, ನೆರಳು ಬೀಳದಂತೆ ನಿಲ್ಲಬೇಕು ಎಂಬುದನ್ನು ಉಳಿದ ಕ್ಯಾಡಿಗಳನ್ನು ನೋಡಿ ತಿಳಿದುಕೊಂಡಿದ್ದಳು. ಆಮೇಲೆ ಮೇಸ್ತ್ರಿ ಒಬ್ಬ ಕ್ಯಾಡಿಯನ್ನು ಕಳಿಸಿದ. ಬೇಡವೆಂದು ಅವಳೇ ಹೇಳಿ ವಾಪಸು ಕಳಿಸಿದಳು. ಅಂಕಯ್ಯ ಹಿಂದಿನ ಮೂರು ದಿನದ ಹಾಗೆಯೇ ಹೊಡೆಯುತ್ತಿದ್ದ. ಮುನ್ನಡೆ ಮೂರು ಹೊಡೆತಕ್ಕೆ ಏರಿತು. ಅಲ್ಲಲ್ಲಿ ಚಪ್ಪಾಳೆ ಕೇಳುತ್ತಿತ್ತು.

ಹನ್ನೆರಡನೆಯ ಗುಳಿ ಒಂದು ಕೊಳದ ಆಚೆಗಿತ್ತು. ಅಗೆದು ಮಾಡಿದ ಕೊಳ. ಚೆಂಡನ್ನು ನೀರಿನ ಮೇಲಿಂದ ಹಾರಿಸಿ ಆ ದಡಕ್ಕೆ ಹಾಕಬೇಕು. ಮೂರು ದಿನವೂ ಅಂಕಯ್ಯ ನೀರನ್ನು ನೋಡದೆ ಹೊಡೆದಿದ್ದ. ಇವತ್ತು ಕೋಲಿಗೆ ಕೈ ಚಾಚಿದಾಗ ಕೋಲು ಬರಲಿಲ್ಲ. ತಿರುಗಿ ನೋಡಿದ. ನಾಗಲಕ್ಷ್ಮಮ್ಮ ಟ್ರಾಲಿ ನಿಲ್ಲಿಸಿ ದಡದಲ್ಲಿ ನಿಂತಿದ್ದಳು.

"ಇದೆಷ್ಟು ಆಳ ಐತೆ?" ಎಂದಳು.

"ಗೊತ್ತಿಲ್ಲ."

"ಸುತ್ತ ಬೇಲಿನೇ ಹಾಕಿಲ್ವಲ್ಲ."

"ಇಲ್ಲಿ ಮಕ್ಳು ಬರಾಕಿಲ್ಲ," ಎಂದ ಅಂಕಯ್ಯ. ಬಾಯಿಂದ ಬಿದ್ದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು.

ಕಮಾಂಡರೂ ಆ ಯುವಕನೂ ಪಕ್ಕದಲ್ಲಿ ಸುಮ್ಮನೆ ಕಾಯುತ್ತಿದ್ದರು. ಅವಳು ಬಂದು ಕೋಲು ತೆಗೆದುಕೊಟ್ಟಳು. ಅವನು ನಿಂತು ಹೊಡೆದ. ಚೆಂಡು ಕೊಳ ದಾಟಿ ಆಚೆ ಹುಲ್ಲಿನ ಮೇಲೆ, ಬಾವುಟದ ಹತ್ತಿರವೇ ಬಿತ್ತು. ಅಷ್ಟು ದಿನದಲ್ಲೇ ಅದು ಅವನ ಅತ್ಯುತ್ತಮ ಹೊಡೆತ. ವಾಯುಪಡೆಯ ಹುಡುಗ ಭೇಷ್ ಎಂದ.

ಕೊಳ ಬಳಸಿ ಹೋಗುವ ಕಾಲುದಾರಿ ಕಿರಿದು. ಉಳಿದವರು ಮುಂದೆ ಹೋದರು. ಟ್ರಾಲಿಯ ಚಕ್ರ ಜಲ್ಲಿಯ ಮೇಲೆ ಗಡಗಡ ಎನ್ನುತ್ತಿತ್ತು. ನಾಗಲಕ್ಷ್ಮಮ್ಮ ಮುಂದೆ ನೋಡುತ್ತಲೇ ಹೇಳಿದಳು. "ನೀವು ಒಂದಿನಾನೂ ಕೇಳ್ನಿಲ್ಲ."

"ಏನ?"

"ಏನೂ ಕೇಳ್ನಿಲ್ಲ. ಮಗ ಎಂಗೋದ, ಯಾರ್ ತಂದ್ರು, ಎಂಗ್ ಮಲಗಿಸ್ದೊ. ಯಾವುದ್ನೂ ಕೇಳ್ನಿಲ್ಲ. ನಾನು ಭಾನುವಾರ ಭಾನುವಾರ ಕಾದೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅಂಗನವಾಡಿಗೆ ಬಾರದ ಮಗುವಿನ ತಾಯಿಗೆ, ಯಾಕಮ್ಮ ಕಳಿಸಲಿಲ್ಲ ಎಂದು ಕೇಳುವ ದನಿಯಂತಿತ್ತು. ಅಂಕಯ್ಯ ಟ್ರಾಲಿಯ ಚಕ್ರ ನೋಡುತ್ತ ನಡೆದ. ಹುಡುಗ ಹೋಗುವುದಕ್ಕೆ ಮುಂಚಿನ ರಜೆಯಲ್ಲಿ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಮಗನಿಗೆ ಊರ ಬಾವಿಯಲ್ಲಿ ಈಜು ಕಲಿಸಲು ಶುರು ಮಾಡಿದ್ದವನು ಅವನೇ. ಬುರುಡೆ ಬಿಚ್ಚುವ ಮೊದಲೇ ರಜೆ ಮುಗಿದಿತ್ತು. ಮುಂದಿನ ಸಲ ಬಂದಾಗ ಬಿಚ್ಚೋಣ ಎಂದು ಹೇಳಿ ಹೋಗಿದ್ದ. ಅದು ಅವಳಿಗೆ ಗೊತ್ತು, ಇಷ್ಟು ದಿನ ಅವಳು ಒಂದು ಸಲವೂ ಎತ್ತಿ ಆಡಿರಲಿಲ್ಲ. ಕೇಳಿದರೆ ಆ ಮಾತು ಬರುತ್ತದೆಂದು ತಾನು ಕೇಳದೆ ಉಳಿದೆನೋ, ಅಥವಾ ಕೇಳುವುದೇ ಹೊಳೆಯಲಿಲ್ಲವೋ, ಅವನಿಗೆ ತಿಳಿಯಲಿಲ್ಲ.

ಆ ಗುಳಿ ಮುಗಿಯಿತು, ಮುಂದಿನದೂ ಮುಗಿಯಿತು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಕೋಲು ಒರೆಸಿ ಕೊಡುತ್ತಿದ್ದಳು, ತೆಗೆದುಕೊಳ್ಳುತ್ತಿದ್ದಳು. ಹದಿನಾಲ್ಕನೆಯದರಲ್ಲಿ ಚೆಂಡಿನ ಮುಂದೆ ನಿಂತು ಕೋಲು ಎತ್ತುವ ಮೊದಲು ಅಂಕಯ್ಯ ತಡೆದ. ಹಿಂದೆ ಸರಿದು ಅವಳ ಹತ್ತಿರಕ್ಕೆ ಬಂದ.

"ಯಾರು ಎತ್ತಿದ್ದು?" ಎಂದು ಕೇಳಿದ.

ಅವಳಿಗೆ ತಕ್ಷಣ ಅರ್ಥವಾಯಿತು. ಮೊದಲು ಹೊಡೆಯಿರಿ, ಅವರು ಕಾಯುತ್ತಿದ್ದಾರೆ ಎಂದಳು. ಅವನು ಹೊಡೆದ. ಆಮೇಲೆ ನಡೆಯುತ್ತ ಹೇಳಿದಳು.

ಗಫಾರ್ ಎಂಬುವವನು. ರಾಮನಗರದವನು, ಕ್ರಷರಿನಿಂದ ಜಲ್ಲಿ ಸಾಗಿಸುವ ಟಿಪ್ಪರ್ ಓಡಿಸುತ್ತಾನೆ. ಹಳೆಯ ಹೊಂಡದ ಪಕ್ಕದಲ್ಲೇ ಅವನ ದಾರಿ. ಜೊತೆಯ ಹುಡುಗರು ಕೂಗುತ್ತ ರಸ್ತೆಗೆ ಓಡಿ ಬಂದದ್ದು ಕಂಡು ಗಾಡಿ ನಿಲ್ಲಿಸಿ, ಹಾಕಿದ ಬಟ್ಟೆಯಲ್ಲೇ ಹಾರಿದ. ಮೂರು ಸಲ ಮುಳುಗಿದ ಮೇಲೆ ಹುಡುಗ ಕೈಗೆ ಸಿಕ್ಕ. ಟಿಪ್ಪರಿನಲ್ಲೇ ಮಲಗಿಸಿಕೊಂಡು ಮಾಗಡಿ ಆಸ್ಪತ್ರೆಗೆ ಓಡಿಸಿದ. ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ನಾಗಲಕ್ಷ್ಮಮ್ಮ ಆಸ್ಪತ್ರೆಗೆ ಓಡಿ ಬಂದಾಗ ಅವನು ಒದ್ದೆ ಬಟ್ಟೆಯಲ್ಲಿ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದ.

"ನೀವು ಬಂದ ದಿವ್ಸಾನೂ ಬಂದಿದ್ದ," ಎಂದಳು. "ಜಗ್ಲಿ ಮೇಲೆ ಕುಂತಿದ್ದ. ನಿಮ್ಮುನ್ನ ಕಂಡು ಎದ್ದು ನಿಂತ್ಕೊಂಡ. ನೀವು ಅವನ ಮೊಕಾನೂ ನೋಡ್ದೆ ಒಳೀಕೆ ಬಂದ್‌ಬುಟ್ರಿ."

ಅಂಕಯ್ಯ ನೆನಪು ಮಾಡಿಕೊಳ್ಳಲು ನೋಡಿದ. ಜಗಲಿ ನೆನಪಾಯಿತು, ಕಂಬ ನೆನಪಾಯಿತು. ಕಂಬದ ಪಕ್ಕದಲ್ಲಿ ಯಾರೋ ಲುಂಗಿಯವನು ನಿಂತಿದ್ದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು. ಮುಖ ಬರಲಿಲ್ಲ.

ಅಲ್ಲಿಂದ ಅವನ ಆಟ ಬದಲಾಯಿತು. ಹೊಡೆತ ಕೆಟ್ಟದ್ದಾಗಿರಲಿಲ್ಲ, ಆದರೆ ತಲೆ ಮತ್ತೆ ಏಳತೊಡಗಿತ್ತು. ಹದಿನೈದನೆಯದರಲ್ಲಿ ಚೆಂಡು ಮರಗಳ ಕಡೆ ಹೋಗಿ ಒಂದು ಹೊಡೆತ ಹೆಚ್ಚಾಯಿತು. ಹದಿನಾರರಲ್ಲಿ ಕಣ್ಣುಮುಚ್ಚಿ ಹಾಕಬಹುದಾದ ದೂರದಿಂದ ಚೆಂಡು ಗುಳಿಯ ಅಂಚು ಸವರಿಕೊಂಡು ಆಚೆ ಹೋಯಿತು. ಕಮಾಂಡರ್ ಒಂದೊಂದೇ ಹೊಡೆತ ಉಳಿಸಿಕೊಂಡು ಸರಿಸಮ ಬರುತ್ತಿದ್ದರು. ಅದನ್ನು ಅಂಕಯ್ಯ ಗಮನಿಸಿದ. ಗಮನಿಸಿಯೂ, ಮುಂದಿನ ಚೆಂಡಿನತ್ತ ನಡೆಯುವಾಗ ಅವನು ಹೆಂಡತಿಯನ್ನು ಕೇಳಿದ್ದು ಬೇರೆಯದನ್ನೇ. ಮಲಗಿಸುವಾಗ ಅವನಿಗೆ ಯಾವ ಅಂಗಿ ಹಾಕಿದಿರಿ ಎಂದು ಕೇಳಿದ.

"ನೀವು ತಂದಿದ್ರಲ್ಲ, ಮಿಲಿಟ್ರಿ ಬಣ್ಣದ್ದು. ದೊಡ್ಡದಾಯ್ತು, ಬೆಳೀಲಿ ಅಂತ ಎತ್ತಿ ಮಡಗಿದ್ದೆ. ಅದ್ನೇ ಹಾಕ್ದೆ. ತೋಳು ಮಡ್ಚಿ ಹಾಕ್ದೆ."

ಅಂಕಯ್ಯ ಸರಿ ಎನ್ನುವಂತೆ ತಲೆಯಾಡಿಸಿದ. ಸ್ವಲ್ಪ ದೂರ ನಡೆದ ಮೇಲೆ, ತಲೆ ಬಾಚಿದ್ದಿರಾ ಎಂದ. ರಮ್ಯಾ ಬಾಚಿದಳು ಎಂದಳು ನಾಗಲಕ್ಷ್ಮಮ್ಮ. ನೀರಲ್ಲಿ ನೆನೆದು ಕೂದಲು ಮೆತ್ತಗಾಗಿತ್ತು, ಬೈತಲೆ ಸುಲಭವಾಗಿ ಬಂತು.

ಕೊನೆಯ ಗುಳಿಗೆ ಬರುವಾಗ ಕಮಾಂಡರ್ ಒಂದು ಹೊಡೆತ ಮುಂದಾಗಿದ್ದರು. ಅವರು ತಮ್ಮ ಚೆಂಡು ಹಾಕಿ ಮುಗಿಸಿದರು. ಅಂಕಯ್ಯನ ಮುಂದೆ ಎರಡು ಮಾರು ದೂರದಲ್ಲಿ ಗುಳಿ. ಹಾಕಿದರೆ ಸಮ, ಮತ್ತೆ ಆಡಿ ತೀರ್ಮಾನಿಸಬೇಕು; ತಪ್ಪಿದರೆ ಸೋಲು. ಸುತ್ತ ಜನ ವೃತ್ತವಾಗಿ ನಿಂತಿದ್ದರು. ನೆಲ ಬಲಕ್ಕೆ ಒಂದು ಬೆರಳಿನಷ್ಟು ವಾಲಿದೆ ಎಂದು ಅವನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು. ಬಗ್ಗಿ ನಿಂತ. ತಳ್ಳುವ ಗಳಿಗೆಗೆ ಅವನ ತಲೆ ಎದ್ದು, ಗುಳಿಯನ್ನು ದಾಟಿ, ಬಾವುಟ ಹಿಡಿದು ನಿಂತಿದ್ದ ನಾಗಲಕ್ಷ್ಮಮ್ಮನ ಕಾಲಿನ ಕಂದು ಷೂಗಳ ಮೇಲೆ ಕಣ್ಣು ಹೋಯಿತು. ಚೆಂಡು ಗುಳಿಯ ಪಕ್ಕದಲ್ಲಿ ನಿಂತಿತು.

ಕಮಾಂಡರ್ ಟೋಪಿ ತೆಗೆದು ಬಂದು ಅಂಕಯ್ಯನ ಕೈ ಹಿಡಿದುಕೊಂಡರು, ಆಮೇಲೆ ನಾಗಲಕ್ಷ್ಮಮ್ಮನ ಕಡೆ ತಿರುಗಿ ಕೈಮುಗಿದರು. ಗೆದ್ದಿರಾ ಎಂದು ಅವಳು ಗಂಡನನ್ನು ಕೇಳಿದಳು. ಇಲ್ಲ, ಎರಡನೆಯದು ಎಂದ. ಅದೂ ಒಳ್ಳೆಯದೇ ಅಲ್ಲವೇ ಎಂದು ಅವಳು ಷೂ ಬಿಚ್ಚಲು ಕುಳಿತಳು. ಅವಳ ಹಿಮ್ಮಡಿ ಎರಡೂ ಕಡೆ ಕಿತ್ತು ಕೆಂಪಾಗಿತ್ತು. ಇಡೀ ಸುತ್ತಿನಲ್ಲಿ ಒಂದು ಸಲವೂ ಹೇಳಿರಲಿಲ್ಲ.

ಬಹುಮಾನದ ಹೊತ್ತಿಗೆ ಅಂಕಯ್ಯನಿಗೆ ಒಂದು ಬೆಳ್ಳಿ ಬಣ್ಣದ ತಟ್ಟೆ ಕೊಟ್ಟರು. ಕರ್ನಲ್ ಬಂದು ಹೆಗಲ ಮೇಲೆ ಕೈಯಿಟ್ಟು, ಕೈಗೆ ಬಂದದ್ದು ತಪ್ಪಿತಲ್ಲೋ, ಕೊನೆಯಲ್ಲಿ ಮತ್ತೆ ತಲೆ ಎತ್ತಿಬಿಟ್ಟೆ ಎಂದರು. ಹೌದು ಸರ್ ಎಂದ ಅಂಕಯ್ಯ. ಊಟಕ್ಕೆ ನಿಲ್ಲಿ ಎಂದರು. ಇನ್ನೊಂದು ಕಡೆ ಹೋಗುವುದಿದೆ ಸರ್, ಬಿಸಿಲಿರುವಾಗಲೇ ಹೊರಡುತ್ತೇವೆ ಎಂದ. ಹಾಗೆಂದು ಅವನು ಹೆಂಡತಿಗೆ ಮೊದಲೇ ಹೇಳಿರಲಿಲ್ಲ. ಗೇಟಿನಿಂದ ಹೊರಗೆ ಬಂದಾಗ ಅವಳು ಬಿಡದಿ ಕಡೆ ಹೋಗುವ ಬಸ್ಸಿಗೆ ರಸ್ತೆ ದಾಟಲು ನೋಡಿದಳು. ಅವನು ಈ ಕಡೆಯೇ ನಿಂತ.

"ರಾಮನಗರದಾಗೆ ಆ ಗಫಾರನ ಮನೆ ಎಲ್ಲಿ ಅಂತ ಗೊತ್ತಾ?" ಎಂದು ಕೇಳಿದ.

ಅವಳಿಗೆ ಗೊತ್ತಿತ್ತು. ರಂಜಾನ್ ಮುಗಿದ ಮೇಲೆ ಒಂದು ಸಲ ರಮ್ಯಾಳನ್ನು ಕರೆದುಕೊಂಡು ಹೋಗಿ ಬಂದಿದ್ದಳು. ಅದನ್ನೂ ಅವನಿಗೆ ಹೇಳಿರಲಿಲ್ಲ, ಅವನು ಕೇಳಿರಲಿಲ್ಲ.

ರೇಷ್ಮೆಗೂಡಿನ ಮಾರ್ಕೆಟ್ ದಾಟಿ ಒಳಗೆ ಹೋದರೆ ಮಸೀದಿಯ ಹಿಂದಿನ ಗಲ್ಲಿಯಲ್ಲಿ ಹೆಂಚಿನ ಮನೆ. ಗಲ್ಲಿಯ ಬಾಯಿಯಲ್ಲಿ ಖಾಲಿ ಟಿಪ್ಪರ್ ನಿಂತಿತ್ತು. ಬಾಗಿಲು ತೆರೆದವಳು ಗಫಾರನ ತಾಯಿ ರೋಶನ್ ಬೀ. ನಾಗಲಕ್ಷ್ಮಮ್ಮನನ್ನು ಕಂಡು ಕೈ ಹಿಡಿದು ಒಳಗೆ ಕರೆದಳು, ಹಿಂದೆ ನಿಂತವನನ್ನು ನೋಡಿ ಇವರು ಯಾರೆಂದು ಕೇಳದೆಯೇ ತಿಳಿದುಕೊಂಡಳು. ಗಫಾರ್ ಒಳಗಿನಿಂದ ಬಂದ. ಮೂವತ್ತು ದಾಟಿದ, ತೆಳ್ಳನೆಯ ಆಳು. ಅಂಕಯ್ಯನನ್ನು ಕಂಡು ಗೋಡೆಗೆ ಒತ್ತಿಕೊಂಡು ನಿಂತ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ.

ಕೂತುಕೊಳ್ಳಿ ಎಂದು ರೋಶನ್ ಬೀ ಎಲ್ಲರಿಗೂ ಹೇಳಿದಳು, ಗಫಾರ್ ಕೂರಲಿಲ್ಲ. ಅಂಕಯ್ಯನೂ ಕೂರಲಿಲ್ಲ. ಅವತ್ತು ನಮ್ಮ ಮನೆ ಜಗಲಿಯಲ್ಲಿ ನಿಮ್ಮನ್ನು ನೋಡಲಿಲ್ಲ ಎಂದ ಅಂಕಯ್ಯ. ನೋಡುವ ಹೊತ್ತಲ್ಲ ಸಾರ್ ಅದು ಎಂದ ಗಫಾರ್. ರೋಶನ್ ಬೀ ಒಲೆಯ ಕಡೆ ಹೋದಳು. ಆಮೇಲೆ ಗಫಾರ್ ತಾನಾಗಿ ಹೇಳತೊಡಗಿದ. ಆ ದಿನ ಒಂದು ಲೋಡು ಮುಂಚೆ ಹೊರಟಿದ್ದರೆ, ಅಥವಾ ಡೀಸೆಲ್ಲಿಗೆ ನಿಲ್ಲಿಸದೆ ಇದ್ದಿದ್ದರೆ, ಎಂದು. ಅದನ್ನು ಅವನು ಬಹಳ ಸಲ ತನಗೆ ತಾನೇ ಹೇಳಿಕೊಂಡವನಂತೆ ಸರಾಗವಾಗಿ ಹೇಳಿದ. ಆಸ್ಪತ್ರೆಯ ದಾರಿಯಲ್ಲಿ ಏನಾಯಿತು ಎಂದು ಮಾತ್ರ ಕೇಳಿದ ಅಂಕಯ್ಯ.

"ಸೀಟ್ ಮೇಲೆ ಮಲಗ್ಸಿ, ತಲೆ ನನ್ ತೊಡೆ ಮೇಲೆ ಇಟ್ಕೊಂಡಿದ್ದೆ ಸಾರ್," ಎಂದ ಗಫಾರ್. "ಒಂದು ಕೈ ಸ್ಟೇರಿಂಗು, ಒಂದು ಕೈ ಅವನ ಎದೆ ಮೇಲೆ. ಮಾಗಡಿ ತನಕ ಮಾತಾಡಿಸ್ತಾನೇ ಇದ್ದೆ. ಅವನ ಹೆಸರು ಗೊತ್ತಿರ್ಲಿಲ್ಲ ನನಗೆ. ಬೇಟಾ, ಬೇಟಾ ಅಂತಿದ್ದೆ ಅಷ್ಟೇ."

"ಸಿದ್ಧಾರ್ಥ ಅಂತ," ಎಂದ ಅಂಕಯ್ಯ. "ಮನೇಲಿ ಸಿದ್ದ ಅಂತಿದ್ದೊ."

"ಆಮೇಲೆ ಗೊತ್ತಾಯ್ತ್ ಸಾರ್."

ಅಂಕಯ್ಯ ಗಫಾರನ ಬಲಗೈ ನೋಡಿದ. ಸ್ಟೇರಿಂಗ್ ಹಿಡಿದು ಗಟ್ಟಿಯಾದ, ಉಗುರಲ್ಲಿ ಗ್ರೀಸು ಕೂತ ಕೈ. ಎದೆಯ ಮೇಲಿದ್ದದ್ದು ಯಾವ ಕೈ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅತ್ತುಬಿಡುತ್ತೇನೇನೋ ಎಂದು ಒಂದು ಗಳಿಗೆ ಅನ್ನಿಸಿತು. ಅಳು ಬರಲಿಲ್ಲ. ಅವನು ಹೋಗಿ ಗಫಾರನ ಪಕ್ಕದಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತ. ಆಗ ಗಫಾರನೂ ಕುಳಿತ.

ರೋಶನ್ ಬೀ ಚಹಾ ತಂದಳು. ಊಟದ ಹೊತ್ತು ಮೀರಿದೆ, ಅನ್ನ ಆಗಿದೆ, ಊಟ ಮಾಡಿಕೊಂಡೇ ಹೋಗಬೇಕು ಎಂದಳು. ಬಸ್ಸು ತಪ್ಪುತ್ತದೆ ಎಂದು ಹೇಳಲು ಅಂಕಯ್ಯ ಬಾಯಿ ತೆರೆದ. ಅಷ್ಟರಲ್ಲಿ ನಾಗಲಕ್ಷ್ಮಮ್ಮ ಕೈ ತೊಳೆಯುವುದೆಲ್ಲಿ ಎಂದು ಕೇಳುತ್ತ ಎದ್ದಿದ್ದಳು. ಅವನು ಏಳದೆ ಅಲ್ಲೇ ಉಳಿದ. ಗಫಾರ್ ಚಾಪೆ ಬಿಡಿಸಿ, ಅದರ ಮೂಲೆ ಮಡಚಿಕೊಂಡದ್ದನ್ನು ಅಂಗೈಯಿಂದ ಸರಿಮಾಡಿ, ತಟ್ಟೆ ತರಲು ಒಳಗೆ ಹೋದ.